ಪಶ್ಚಿಮಕ್ಕೆ ಶುಕ್ರವಾರ

ನನ್ನ ಗಂಡನ ಗುದನಾಳದ ಗಡ್ಡೆಯನ್ನು ಸೋಲಾಪುರದಲ್ಲಿ ಕತ್ತರಿಸಿ ತೆಗೆದ ಮೇಲೆ, ಅದು ಮತ್ತೆ ಬರುತ್ತದೋ ಇಲ್ಲವೋ ಎಂಬುದು ಡಾಕ್ಟರನ್ನು ಬಿಟ್ಟು ಉಳಿದೆಲ್ಲರಿಗೂ ಗೊತ್ತಿತ್ತು. ಉದಗೀರದ ನಾದಿನಿ ಊಟ ನೋಡಿಯೇ ತೀರ್ಪು ಕೊಟ್ಟಳು: "ಅಣ್ಣ ಎರಡು ರೊಟ್ಟಿ ತಿಂತಾನಲ್ಲ, ಇನ್ನ ಬರಂಗಿಲ್ಲ ತಗೊಳ್ರಿ ವೈನಿ." ನಿಲಂಗಾದ ಭಾವ, ಅಂದರೆ ಇವರ ಅಣ್ಣ, ಜಾತಕ ಬಿಡಿಸಿ ಗುರುಬಲ ಗಟ್ಟಿಯಿದೆ ಎಂದರು. ಡಾಕ್ಟರು ಮಾತ್ರ, ಪಾಪ, ಅಷ್ಟು ಓದಿಯೂ, "ಈಗೇ ಹೇಳ್ಲಾಕ ಬರಂಗಿಲ್ರಿ" ಎಂದರು. ಗಡ್ಡೆಯ ಪಕ್ಕದ ಗಂಟುಗಳಲ್ಲೂ ರೋಗ ಸಿಕ್ಕಿತ್ತಂತೆ. ಮತ್ತೆ ಬಂದರೆ ಲಿವರಿನಲ್ಲೋ ಶ್ವಾಸಕೋಶದಲ್ಲೋ ಸದ್ದಿಲ್ಲದೆ ಕೂರುತ್ತದಂತೆ. ಅದಕ್ಕೇ ಆಗಾಗ ರಕ್ತಪರೀಕ್ಷೆ, ಸ್ಕ್ಯಾನು. ಅವರು ನೋಡುವುದು ಶುಕ್ರವಾರ ಮಾತ್ರ.

ಇದಕ್ಕೆ ನಮ್ಮ ಮನೆಯ ಕಸುಬು ಅಡ್ಡ ಬಂತು. ಇವರು ಉಮರ್ಗಾದ ಅಯ್ಯನವರು. ಇವರು ಪಂಚಾಂಗ ನೋಡದೆ ಇಲ್ಲಿಂದ ಗುಂಜೋಟಿಯವರೆಗೆ ಒಂದು ಬಾಗಿಲ ಚೌಕಟ್ಟೂ ನಿಲ್ಲುವುದಿಲ್ಲ. ಶುಕ್ರವಾರ ಪಶ್ಚಿಮಕ್ಕೆ ದಿಕ್ಕುಶೂಲ, ಆ ಕಡೆ ಹೊರಟವರಿಗೆ ಕೇಡು. ಸೋಲಾಪುರವೋ, ನಮ್ಮ ಪುಣ್ಯ, ಅಪ್ಪಟ ಪಶ್ಚಿಮ! "ಮುಂದಿನ ವಾರ ನೋಡೋಣು" ಎಂದರು. ಮುಂದಿನ ವಾರವೂ ಡಾಕ್ಟರ ದಿನ ಶುಕ್ರವಾರವೇ ಆಗಿತ್ತು, ಸೋಲಾಪುರವೂ ಜಾಗ ಬಿಟ್ಟು ಕದಲಿರಲಿಲ್ಲ. ಮೊದಲ ಸಲ ರಕ್ತ ಸುರಿಯುವಾಗ ಓಡಿದ ದಿನ ಯಾವ ವಾರವೆಂದು ಯಾರೂ ಕೇಳಿರಲಿಲ್ಲ.

ಊರವರಿಗೆ ಇಂಥ ತೊಡಕು ಬಂದರೆ ಇವರೇ ಉಪಾಯ ಹೇಳುತ್ತಾರೆ. ಹಿಂದಿನ ದಿನವೇ ಬಟ್ಟೆಗಂಟನ್ನು ಆ ದಿಕ್ಕಿನ ಯಾರದಾದರೂ ಮನೆಯಲ್ಲಿ ಇಟ್ಟು ಬಂದರೆ ಪ್ರಯಾಣ ಅಂದೇ ಹೊರಟಂತೆ. ಪ್ರಸ್ಥಾನ ಎನ್ನುತ್ತಾರೆ. ತುರೋರಿಯ ಲಾರಿ ಡ್ರೈವರುಗಳಿಗೂ ಹೇಳಿಕೊಟ್ಟ ಈ ಉಪಾಯ ತಮ್ಮ ಪಾಳಿ ಬಂದಾಗ ಮರೆತೇ ಹೋಯಿತು. ಆ ಗುರುವಾರ ನಾನೇ ಅವರ ಧೋತರ, ಟವೆಲ್ಲು, ಆಪರೇಷನ್ನಿನಿಂದೀಚೆಗೆ ಹೊಟ್ಟೆಗೆ ಅಂಟಿಸುವ ಮಲದ ಚೀಲಗಳು, ಎಲ್ಲ ಗಂಟು ಕಟ್ಟಿ ಪಶ್ಚಿಮದ ಓಣಿಯ ಗಿರಣಿಯವಳ ಮನೆಗೆ ಒಯ್ದೆ.

"ಅಯ್ಯನೋರು ಎಲ್ಲಿಗಿ ಹೊಂಟಾರ್ರಿ?" ಎಂದಳು.

"ಗಂಟು ಹೊಂಟದ. ಅಯ್ಯನೋರು ಇನ್ನಾ ವಿಚಾರ ಮಾಡ್ಲಾಕತ್ತಾರ."

ಮನೆಗೆ ಬಂದು, "ಇನ್ನ ಯಾವ ಶೂಲ ಉಳದದ ಹೇಳ್ರಿ" ಎಂದೆ. ಇವರು ಪಂಚಾಂಗ ಮುಚ್ಚಿಟ್ಟರು. "ಮತ್ತ ಬಂದದ ಅಂತಂದ್ರ ಏನ್ ಮಾಡ್ಲಿ? ನನಗ ಅಂಜಿಕಿ ಬರ್ತದ" ಎಂದರು.

ನನಗೂ ಅಷ್ಟೇ ಭಯವಿತ್ತು; ಕೊಂಕುಮಾತಿನ ಸದ್ದಿನಲ್ಲಿ ಅದನ್ನು ಮುಚ್ಚಿಟ್ಟಿದ್ದೆ.

"ನನಗೂ ಬರ್ತದ್ರಿ. ಬಸ್ಸಿನಾಗ ಕುಂತು ಇಬ್ಬರೂ ಕೂಡೇ ಅಂಜೋಣು" ಎಂದೆ.

ಮರುದಿನ ಗಿರಣಿಯವಳ ಮನೆಯಿಂದ ಗಂಟು ತಗೊಂಡು ಹೋದೆವು. ಸ್ಕ್ಯಾನಿನಲ್ಲಿ ಲಿವರಿನ ಅಂಚಿಗೆ ಒಂದು ಚುಕ್ಕೆ ಕಂಡಿತು. ರಕ್ತದ ರಿಪೋರ್ಟೂ ಹೌದೆಂದಿತು.

"ಬಂದದ್ರಿ. ಆದ್ರ ಸಣ್ಣದದ, ತೆಗೀಲಾಕ ಬರ್ತದ. ಇನ್ನೂ ತಡಾ ಮಾಡಿದ್ರ ಕಷ್ಟ ಇತ್ತು" ಎಂದರು ಡಾಕ್ಟರು. ಇವರು ನನ್ನ ಕೈ ಹಿಡಿದುಕೊಂಡರು. ನಾಲ್ಕು ಜನರ ಎದುರಿಗೆ ಹಾಗೆ ಹಿಡಿದದ್ದು ಅದೇ ಮೊದಲು.

ಆಸ್ಪತ್ರೆಯ ಮೆಟ್ಟಿಲಿಳಿಯುವಷ್ಟರಲ್ಲಿ ಭಾವನ ಫೋನು. ಚುಕ್ಕೆಯ ವಿಷಯ ಹೇಳಿದೆ. ಗುರುಬಲದ ಸುದ್ದಿಯೇ ಇಲ್ಲ. "ನಾ ಅಂದಿದ್ದಿಲ್ಲೇನವ್ವಾ? ಶುಕ್ರವಾರ ಪಶ್ಚಿಮಕ್ಕ ಹೋಗಿ ತಂದ್ರಿ ನೋಡು ಅದನ್ನ!" ಎಂದರು, ನಾವು ಸೋಲಾಪುರದ ಸಂತೆಯಿಂದ ಚುಕ್ಕೆ ಕೊಂಡು ತಂದವರ ಹಾಗೆ.

ನಾನು ಬಾಯಿ ತೆರೆಯುವಷ್ಟರಲ್ಲಿ ಇವರು ಫೋನು ಕಸಿದುಕೊಂಡರು.

"ಅಣ್ಣಾ, ಬರೋ ಶುಕ್ರವಾರ ಆಪರೇಷನ್ ಅದ. ನಿಲಂಗಾಕ್ಕೂ ಸೋಲಾಪುರ ಪಶ್ಚಿಮಕ್ಕೇ ಆಗ್ತದ. ಗುರುವಾರ ನಿನ್ನ ಗಂಟು ಮುಂದ ಕಳಿಸು. ಹಿಂದಿಂದ ನೀನೂ ಬಾ."