ದುರ್ಗದಲ್ಲಿ ಅರ್ಧರ್ಧ ತಿಂಡಿ

ಊಟ ಬೇಡವೆಂದು ಅಳುವ ಮಕ್ಕಳ ಅಪ್ಪಂದಿರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮೂರನೇ ಕ್ಲಾಸಿನ ನನ್ನ ಮಗಳು ಚಂದನ ಯಾವ ಊರಿನ ಹೆಸರು ಹೇಳಿದರೂ "ಅಲ್ಲಿ ತಿನ್ನಾಕೆ ಏನ್ ಸಿಗ್ತೈತಪ್ಪ?" ಎನ್ನುತ್ತಾಳೆ. ಚಿತ್ರದುರ್ಗ ಎಂದರೆ ಎಲ್ಲರಿಗೂ ಕೋಟೆ. ಇವಳಿಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ.

ಅಂಥ ದುರ್ಗದಲ್ಲಿ ಇವಳೊಡನೆ ಎರಡು ಗಂಟೆ ಕಳೆಯಬೇಕಾಗಿ ಬಂತು. ನನ್ನ ತಂಗಿಗೆ ಆದಿವಾಲದಿಂದ ಸಂಬಂಧ ಬಂದಿತ್ತು. ಗಂಡಿನ ಮನೆ ನೋಡಲು ನಾವು ಭರಮಸಾಗರದಿಂದ ಬಸ್ಸಿನಲ್ಲಿ ದುರ್ಗಕ್ಕೆ ಹೋಗಿ, ರಾಮಗಿರಿಯ ದೊಡ್ಡಪ್ಪನ ಕಾರು ಬರುವವರೆಗೆ ಕಾಯಬೇಕು. ಶುಭಕಾರ್ಯಕ್ಕೆ ಹೆಣ್ಣುಮಗು ಜೊತೆಗಿರಲಿ ಎಂದು ಅವ್ವ ಚಂದನಳನ್ನು ಗಂಟು ಹಾಕಿದಳು.

ನಮ್ಮ ಜನರಲ್ಲಿ ಮನೆ ನೋಡಲು ಹೋದವರು ಹೊಟ್ಟೆ ತುಂಬ ಉಂಡರೆ ಸಂಬಂಧ ಒಪ್ಪಿದಂತೆ. ಎಲೆಯಲ್ಲಿ ಬಿಟ್ಟು ಎದ್ದರೆ, ಬಾಯಿಬಿಟ್ಟು ಹೇಳದಿದ್ದರೂ, ಬೇಡವೆಂದಂತೆ.

"ಅಣ್ಣ, ನಂಗೆ ಆ ಹುಡುಗ ಮನ್ಸಿಗೆ ಬಂದೈತೆ. ನಿನ್ ಮಗಳು ದುರ್ಗದಾಗೇ ಹೊಟ್ಟೆ ತುಂಬ್ಸ್ಕಂಡು ಅಲ್ಲಿ ಎಲೆ ತಳ್ಳಿದ್ರೆ ನನ್ ಕಥೆ ಮುಗೀತು ನೋಡು" ಎಂದಳು ತಂಗಿ.

ಆಗಿನಿಂದ ನನಗೆ ನೆಮ್ಮದಿಯಿಲ್ಲ. ಮಗಳನ್ನು ಉಪವಾಸ ಕರೆದೊಯ್ಯಲೇ? ಹಸಿದರೆ ಹೊಸ ಮನೆಯ ಹೊಸಿಲು ದಾಟುವ ಮೊದಲೇ "ಅಡುಗೆ ಆತಾ?" ಎನ್ನುವವಳು. ಕೋಟೆ ತೋರಿಸಿ ಮರೆಸಲೇ? ಹತ್ತಿ ಇಳಿದವಳ ಹಸಿವಿಗೆ ಇಡೀ ಪೇಟೆ ಸಾಲದು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವನು ನಾನು. ಅದರ ಹೆಮ್ಮೆಯನ್ನು ಮುಚ್ಚಿಡುವವನಲ್ಲ. ಕುರಿ ಕಾಯ್ದು ಓದಿಸಿದ ಅವ್ವ ಇಂದಿಗೂ ಏನೇ ತೊಡಕು ಬಂದರೂ "ಓದಿದೋನು, ನೀನೇ ದಾರಿ ನೋಡಪ್ಪ" ಎನ್ನುತ್ತಾಳೆ. ನೋಡಿದೆ. ಬಿ.ಎ.ಯಲ್ಲಿ ಬಾಯಿಪಾಠ ಮಾಡಿದ್ದ ಇಳಿಮುಖ ತುಷ್ಟಿಗುಣ ನಿಯಮ ನೆನಪಾಯಿತು. ಒಂದೇ ವಸ್ತುವನ್ನು ಮೇಲಿಂದ ಮೇಲೆ ಅನುಭವಿಸಿದರೆ ಸಿಗುವ ತೃಪ್ತಿ ಇಳಿಯುತ್ತ ಹೋಗುತ್ತದಂತೆ. ಆದರೆ ನನ್ನ ಮಗಳು ಒಂದೇ ವಸ್ತುವಿನ ಮೇಲೆ ನಿಂತರೆ ತಾನೇ? ದೋಸೆಯ ತೃಪ್ತಿ ಇಳಿಯುವ ಮೊದಲೇ ವಡೆಗೆ ದಾಟಿರುತ್ತಾಳೆ. ಅರ್ಥಶಾಸ್ತ್ರ ಕೈಬಿಟ್ಟ ಮೇಲೆ ನಾನೇ ಒಂದು ನಿಯಮ ಮಾಡಿದೆ: ಕೇಳಿದ್ದೆಲ್ಲ ಕೊಡಿಸುವುದು, ಆದರೆ ಪ್ರತಿಯೊಂದರಲ್ಲೂ ಅರ್ಧ ಮಾತ್ರ.

"ಇನ್ನರ್ಧ?" ಎಂದಳು ಚಂದನ.

"ಅದ್ರ ಚಿಂತೆ ನಿನಗ್ಯಾಕಲೇ?"

ದುರ್ಗದಲ್ಲಿ ಯೋಜನೆ ಅಚ್ಚುಕಟ್ಟಾಗಿ ನಡೆಯಿತು. ನನ್ನ ಕಣ್ಣು ಒಮ್ಮೆ ಗಡಿಯಾರದ ಮೇಲೆ, ಒಮ್ಮೆ ಮಗಳ ಹೊಟ್ಟೆಯ ಮೇಲೆ. ಅರ್ಧ ಮಸಾಲೆ ದೋಸೆ, ಅರ್ಧ ವಡೆ, ಅರ್ಧ ಪೊಟ್ಟಣ ಮಂಡಕ್ಕಿ, ಆಮೇಲೆ ಮೆಣಸಿನಕಾಯಿ. ಉಳಿದದ್ದನ್ನು ಎಸೆಯಲು ಮನಸ್ಸು ಬರಲಿಲ್ಲ.

ಆದಿವಾಲದಲ್ಲಿ ಗಂಡಿನ ತಾಯಿ ಹೋಳಿಗೆ ಬಡಿಸಿ ತುಪ್ಪ ಸುರಿದರು. ಚಂದನ ತಲೆಯೆತ್ತದೆ ಉಣ್ಣುತ್ತಿದ್ದಳು. ಗೆದ್ದೆನೆಂದುಕೊಂಡು ನಾನೂ ಒಂದು ತುತ್ತು ಬಾಯಿಗಿಟ್ಟೆ. ಅದು ಗಂಟಲಲ್ಲೇ ನಿಂತಿತು. ಕೆಳಗೆ ಜಾಗವಿರಲಿಲ್ಲ.

"ಯಾಕ್ರಿ, ನಮ್ಮನೆ ಊಟ ಹಿಡಿಸ್ಲಿಲ್ವೇನ್ರಿ?" ಎಂದರು ಆಕೆ.

ದೊಡ್ಡಪ್ಪ ಮೊಣಕೈಯಿಂದ ತಿವಿದು "ಉಣ್ಣಲೇ" ಎಂದರು. ತಂಗಿಯ ಮುಖ ಕಣ್ಮುಂದೆ ಬಂತು. ಇನ್ನೊಂದು ತುತ್ತು ಮುರಿದೆ, ಬಾಯಿಗೆ ಎತ್ತಲಾಗಲಿಲ್ಲ.

"ಹಂಗೇನಿಲ್ಲಜ್ಜಿ" ಎಂದಳು ಚಂದನ. "ದುರ್ಗದಾಗೆ ನಂಗೆ ಕೊಡ್ಸಿದ್ದ ಎಲ್ಲದ್ರಾಗೂ ಅರ್ಧ ಅಪ್ಪನೇ ತಿಂದ. ನಾನು ಇಲ್ಲಿ ಚೆನ್ನಾಗ್ ಉಣ್ಲಿ ಅಂತ."

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ಅಯ್ಯೋ ನನ್ನವ್ವ! ನಿಧಾನಕ್ಕೆ ಉಣ್ರಿ, ಸಂಜೆಗಂಟ ಕುಂತ್ಕಳ್ರಿ, ಯಾರ್ ಬ್ಯಾಡಂತಾರೆ" ಎಂದು ಇನ್ನೊಂದು ಹೋಳಿಗೆ ಹಾಕಿಯೇಬಿಟ್ಟರು.

ಎಲ್ಲರೂ ಕೈತೊಳೆದು ಬಂದು ನನ್ನ ಸುತ್ತ ಕುಳಿತರು. ಕಾಯುವ ಬೇಸರಕ್ಕೆ ದೊಡ್ಡಪ್ಪನೂ ಗಂಡಿನ ತಂದೆಯೂ ಮದುವೆ ಯಾವ ತಿಂಗಳೆಂದು ಮಾತು ತೆಗೆದರು, ಆಮೇಲೆ ಛತ್ರ ಯಾವುದೆಂದು. ನಾನು ಕೊನೆಯ ತುತ್ತು ನುಂಗುವಷ್ಟರಲ್ಲಿ ಮದುವೆಗೆ ಏನೇನು ಅಡುಗೆ ಮಾಡಿಸಬೇಕು ಎನ್ನುವಲ್ಲಿಗೆ ಬಂದಿದ್ದರು. ಆ ವಿಷಯದಲ್ಲಿ ಓದಿದವನನ್ನು ಯಾರೂ ಕೇಳಲಿಲ್ಲ, ಚಂದನಳನ್ನು ಕೇಳಿದರು.