ಹೊಳ್ಳಿ ಬಂದ ರೆಕ್ಕೆ ಗಡಿಯಾರ

ಬೆಟಗೇರಿಯಲ್ಲಿ ಸೀರೆ ಅಂಗಡಿಯೊಂದರ ಮೆಟ್ಟಿಲ ಕೆಳಗೆ ಇಸಾಕಸಾಬರ ಗಡಿಯಾರ ರಿಪೇರಿಯ ಮೇಜು ಇತ್ತು. ಮೂಲ ಲಕ್ಷ್ಮೇಶ್ವರದವರು. ಹುಬ್ಬಳ್ಳಿಯ ಫಕ್ರುಸಾಬ ಎಂಬ ಉಸ್ತಾದರ ಹತ್ತಿರ ಕೆಲಸ ಕಲಿತು, ಮದುವೆಯಾದ ಮೇಲೆ ಇಲ್ಲಿಗೆ ಬಂದು ನೆಲೆಸಿದ್ದರು. 1984ರ ಹೊತ್ತಿಗೆ ವಯಸ್ಸು ಅರವತ್ತರ ಹತ್ತಿರ ಬಂದಿತ್ತು. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮಧ್ಯಾಹ್ನದವರೆಗೆ ಕೂತರೆ ಎರಡೂ ಕಣ್ಣಲ್ಲಿ ನೀರು ಬರುತ್ತಿತ್ತು. ಚಿಮಟದಿಂದ ತಿರುಪು ಜಾರಿ ಬಿದ್ದರೆ, ಹುಡುಕುವ ಮೊದಲು ಕಣ್ಣೊರೆಸಿಕೊಳ್ಳುತ್ತಿದ್ದರು.

ಈ ಕಸುಬಿನವರು ಹೆದರುವುದು ಒಂದು ಮಾತಿಗೆ: 'ಹೊಳ್ಳಿ ಬಂತು'. ರಿಪೇರಿಯಾಗಿ ಹೋದ ಗಡಿಯಾರ ಅದೇ ದೂರು ಹೊತ್ತು ಮರಳುವುದು. ಮೊದಲ ಸಲ ಗಡಿಯಾರದ ತಪ್ಪು, ಎರಡನೇ ಸಲ ಕೈಯ ತಪ್ಪು, ಮೂರನೇ ಸಲವೂ ಬಂದರೆ ಚಿಮಟ ಕೆಳಗಿಟ್ಟು ಕಸುಬೇ ಬಿಡಬೇಕು ಎಂದು ಫಕ್ರುಸಾಬರು ಹೇಳುತ್ತಿದ್ದರಂತೆ. ಇಸಾಕಸಾಬರ ಮೇಜಿಗೆ ಯಾವ ಗಡಿಯಾರವೂ ಮೂರು ಸಲ ಹೊಳ್ಳಿ ಬಂದಿರಲಿಲ್ಲ.

ಆ ವರ್ಷ ಅಸುಂಡಿಯ ಗೋಣೆಪ್ಪ ಬಂದರು. ವಾಯುಪಡೆಯಲ್ಲಿ ವಿಮಾನದ ಗಾಲಿ, ಬ್ರೇಕು ನೋಡುವ ಕೆಲಸ ಮಾಡಿ ನಿವೃತ್ತರಾಗಿ, ಈಗ ಹೊಲ ನೋಡಿಕೊಂಡಿದ್ದವರು. ಪೈಲಟ್ ಸಾಹೇಬರೊಬ್ಬರು ವರ್ಗವಾಗಿ ಹೋಗುವಾಗ ತಮ್ಮ ಕೈಗಡಿಯಾರ ಬಿಚ್ಚಿ ಇವರಿಗೆ ಕಟ್ಟಿದ್ದರು. ಕಪ್ಪು ಮುಖ, ಅದರೊಳಗೆ ಸಣ್ಣ ಸಣ್ಣ ಸುತ್ತುಗಳು, ಪಕ್ಕದಲ್ಲಿ ತಿರುವುವ ಚಾವಿ, ಅದರ ಮೇಲೊಂದು ಕೆಳಗೊಂದು ಗುಂಡಿ, ಮೂಲೆಯಲ್ಲಿ ಸವೆದ ರೆಕ್ಕೆಯ ಗುರುತು.

ಆ ರೆಕ್ಕೆಯನ್ನು ಕಂಡು ಇಸಾಕಸಾಬರು ಗಡಿಯಾರವನ್ನು ಬೆಳಕಿಗೆ ಹಿಡಿದರು. ಉಸ್ತಾದರು ಹೇಳಿದ ಕತೆ ನೆನಪಿತ್ತು. ಅದು ಸ್ವಿಟ್ಜರ್ಲೆಂಡಿನ ಒಂದು ಮನೆತನದ ಗುರುತು. ಆ ಮನೆತನ, ವಿಮಾನಕ್ಕೆ ಇನ್ನೂ ಮುಚ್ಚಿಗೆ ಇರದಿದ್ದ ಕಾಲದಲ್ಲಿ ಪೈಲಟ್‌ನ ಎದುರಿನ ಹಲಗೆಗೆ ಗಡಿಯಾರ ಮಾಡಿಕೊಡುತ್ತಿತ್ತು. ಚಳಿಗೆ ದಪ್ಪ ಕೈಗವಸು ಹಾಕಿದವನಿಗೂ ಸಿಗಲೆಂದು ಚಾವಿ ದೊಡ್ಡದು. ಮುಂದೆ ಮಗನ ಕಾಲಕ್ಕೆ ಅದೇ ಗಡಿಯಾರ ಮುಂಗೈಗೆ ಇಳಿಯಿತು. ಗಂಟೆ, ನಿಮಿಷದ ಮುಳ್ಳುಗಳಲ್ಲದೆ ನಡುವೆ ಇರುವ ಇನ್ನೊಂದು ದೊಡ್ಡ ಮುಳ್ಳು ಹನ್ನೆರಡರ ಮೇಲೆ ಸುಮ್ಮನೆ ನಿಂತಿರುತ್ತದೆ. ಹಾರಾಟದ ಹೊತ್ತು ಅಳೆಯಬೇಕಾದಾಗ ಗುಂಡಿ ಒತ್ತಿದರೆ ಮಾತ್ರ ಓಡುತ್ತದೆ. ಇಸಾಕಸಾಬರು ಕೇಳಿದ್ದಷ್ಟೇ, ಬಿಚ್ಚಿದ್ದು ಅದೇ ಮೊದಲು.

"ಏನ ಆಗೇತ್ರಿ ಇದಕ್ಕ?"

"ಮುಂಜಾನೆ ಚಾವಿ ಕೊಟ್ರ ಸಂಜಿಗಿ ಮಲಕೋತೈತ್ರಿ ಸಾಬ್ರ."

"ನಿಮ್ಮೂರ ಹವಾ ಬಡದೈತಿ ಬಿಡ್ರಿ."

ಬಿಚ್ಚಿ, ತೊಳೆದು, ಎಣ್ಣೆ ಹಾಕಿದರು. ದೊಡ್ಡ ಮುಳ್ಳು ನಡುವೆ ಎಲ್ಲೋ ನಿಂತಿತ್ತು. ಮಕ್ಕಳು ಗುಂಡಿ ಒತ್ತಿರಬೇಕೆಂದು ಹನ್ನೆರಡಕ್ಕೆ ಕೂಡಿಸಿದರು. ದಿನಾ ಚಾವಿ ಕೊಟ್ಟು ಮೊಳೆಗೆ ತೂಗುಹಾಕಿದ ಗಡಿಯಾರ ವಾರವಿಡೀ ನಿಲ್ಲದೆ ನಡೆಯಿತು. ಗೋಣೆಪ್ಪ ಒಯ್ದರು. ಹೊಳ್ಳಿ ತಂದರು. ಮತ್ತೆ ಬಿಚ್ಚಿದ್ದಾಯಿತು, ಮತ್ತೆ ನಡೆಯಿತು, ಮತ್ತೆ ಬಂತು. ಮೂರನೇ ಸಲ ಹೊಳ್ಳಿ ಬಂದಾಗ ಗೋಣೆಪ್ಪ ನಕ್ಕರು.

"ಇದಕ್ಕ ನಿಮ್ಮ ಅಂಗಡಿ ತವರುಮನಿ ಆಗೇತಿ ನೋಡ್ರಿ. ಗಂಡನ ಮನ್ಯಾಗ ನಿಲ್ಲವಲ್ದು."

ಇಸಾಕಸಾಬರು ನಗಲಿಲ್ಲ. ಆವತ್ತು ಮನೆಯಲ್ಲಿ ಹೆಂಡತಿ ರೋಶನಬಿಗೆ ಹೇಳಿದರು: "ನನ್ನ ಕಣ್ಣು ಮುಗದಾವು. ಎಲ್ಲೋ ತಪ್ಪಾಕತ್ತೇತಿ, ನಂಗ ಕಾಣವಲ್ದು."

"ಅದನ್ನ ಗಡಿಯಾರನ ಹೇಳಬೇಕಾಗಿತ್ತೇನು? ನಾ ಹೇಳಿದ್ರ ಕಿವಿಗಿ ಬೀಳಲಿಲ್ಲ."

ಮೇಜು ಮಾರಿಬಿಡುವುದೆಂದು ಮಾತಾಯಿತು. ಗದಗಿನ ಅಂಗಡಿಗಳಲ್ಲಿ ಬ್ಯಾಟರಿ ಗಡಿಯಾರಗಳು ಆಗಲೇ ಕಾಣತೊಡಗಿದ್ದವು. ಕಸುಬು ಬಿಟ್ಟರೂ ಯಾರೂ ಕೇಳುವವರಿಲ್ಲ. ಇನ್ನು ಮೇಜಿನ ಮುಂದೆ ಕೂಡುವುದು ಬೇಡ ಎಂದುಕೊಂಡಾಗ ಹೆಗಲು ಹಗುರಾದಂತಾಯಿತೆಂದು ಅವರೇ ಮುಂದೊಮ್ಮೆ ಹೇಳಿದ್ದುಂಟು. ಈ ಸಲವೂ ಗಡಿಯಾರ ಮೊಳೆಯ ಮೇಲೆ ಚೆನ್ನಾಗಿಯೇ ನಡೆಯಿತು. ಇನ್ನು ತಮ್ಮಿಂದ ಆಗದು ಎಂದು ಬಾಯಿಬಿಟ್ಟು ಹೇಳಿ ಬರಲು ಅದನ್ನು ಹಿಡಿದು ತಾವೇ ಅಸುಂಡಿಯ ಬಸ್ಸು ಹತ್ತಿದರು.

ಗೋಣೆಪ್ಪನವರ ಹೆಂಡತಿ ತಿಪ್ಪವ್ವ ಚಹಾ ತಂದಿಟ್ಟು ಗಡಿಯಾರ ಕೈಗೆತ್ತಿಕೊಂಡರು.

"ಅಯ್ಯ, ಈ ಸಲಾನೂ ನಿಂತದ್ದ ತಂದೀರಲ್ರಿ" ಎಂದವರೇ ಮೇಲಿನ ಗುಂಡಿ ಒತ್ತಿದರು. ದೊಡ್ಡ ಮುಳ್ಳು ಓಡತೊಡಗಿತು.

ಇಸಾಕಸಾಬರು ಕಪ್ಪು ಕೆಳಗಿಟ್ಟರು. "ಯವ್ವಾ, ಅದನ್ಯಾಕ ಒತ್ತಿದಿ?"

"ದಿನಾ ಒತ್ತತೀನ್ರಿ. ನಿಂತ ಮುಳ್ಳು ಮನ್ಯಾಗ ಇರಬಾರದು. ಮನೀನ ನಿಂತಂಗ."

ಹಳೆಯ ಸ್ಪ್ರಿಂಗು. ಹಗಲೆಲ್ಲ ಆ ಮುಳ್ಳನ್ನೂ ಎಳೆದರೆ ಸಂಜೆಗೆ ಅದರ ಬಲ ತೀರುತ್ತದೆ. ಕೈಯಲ್ಲೂ ದೋಷವಿಲ್ಲ, ಕಣ್ಣಲ್ಲೂ ಇಲ್ಲ. ಇಸಾಕಸಾಬರು ಗೋಣೆಪ್ಪನವರ ಕಡೆ ನೋಡಿದರು.

"ನಿಮಗ ಗೊತ್ತಿರಲಿಲ್ಲೇನ್ರಿ? ವಿಮಾನದಾಗ ಇದ್ದವರು ನೀವು."

"ಅದು ಬ್ಯಾರೆ ಮುಳ್ಳು ಅಂತ ಗೊತ್ತಿತ್ರಿ. ಅದರಿಂದ ಗಡಿಯಾರ ನಿಲ್ತೈತಿ ಅಂತ ಗೊತ್ತಿರಲಿಲ್ಲ. ಮತ್ತ ಈಕಿ ಕೂಡ ವಾದ ಮಾಡೋದಕಿಂತ ಬೆಟಗೇರಿಗಿ ಬರೋದು ಸಸಾರ."

ಇಸಾಕಸಾಬರು ಒಳಸುತ್ತಿನ ಪುಟ್ಟ ಸೆಕೆಂಡಿನ ಮುಳ್ಳನ್ನು ತೋರಿಸಿದರು. "ನೋಡವ್ವಾ, ಇದು ಯಾವಾಗಲೂ ನಡೀತಿರತೈತಿ. ಗಡಿಯಾರ ನಿಂತಿಲ್ಲ."

"ಇರವಿ ಕಾಲಿನಂಗ ಐತಿ. ನಂಗ ಕಾಣೂದಿಲ್ರಿ."

"ನಂಗೂ ಅಷ್ಟ ಕಾಣತೈತಿ" ಎಂದರು ಇಸಾಕಸಾಬರು.

ಇನ್ನೂ ವಾದಿಸುವ ಶಕ್ತಿ ಇರಲಿಲ್ಲ. ಮುಳ್ಳೇ ಇಲ್ಲದಿದ್ದರೆ ಗುಂಡಿ ಒತ್ತುವ ಕಾರಣವೂ ಇರದು. ಚೀಲದಿಂದ ಸಾಮಾನು ತೆಗೆದು, ಬಿಸಿಲು ಬೀಳುವ ಕಟ್ಟೆಯ ಮೇಲೆ ಪಂಚೆ ಹಾಸಿಕೊಂಡು ಕೂತರು. ಗುಂಡಿ ಒತ್ತಿ ಮುಳ್ಳಿನ ಓಟ ನಿಲ್ಲಿಸಿ, ಹಿಂಬದಿ ಬಿಚ್ಚಿ, ಯಂತ್ರ ಹೊರತೆಗೆದು, ದೊಡ್ಡ ಮುಳ್ಳನ್ನು ಕಿತ್ತರು. ಮುಳ್ಳನ್ನು ಕಾಗದದಲ್ಲಿ ಸುತ್ತಿ ಗೋಣೆಪ್ಪನವರಿಗೆ ಕೊಟ್ಟರು. ಹಾರುವವರಿಗೆಂದು ಎರಡು ತಲೆಮಾರು ತಿದ್ದಿ ತೀಡಿದ ಯಂತ್ರ ಬರೀ ಹೊತ್ತು ಹೇಳುವ ಗಡಿಯಾರವಾಯಿತು. ತಿಪ್ಪವ್ವ ತಿರುಗಿಸಿ ನೋಡಿ, "ಈಗ ಚಲೋ ಕಾಣತೈತಿ" ಎಂದರು. ಆ ಗಡಿಯಾರ ಮತ್ತೆ ಬೆಟಗೇರಿಗೆ ಬರಲಿಲ್ಲ.

ಇಸಾಕಸಾಬರು ಮನೆ ಮುಟ್ಟುವಾಗ ದೀಪ ಹಚ್ಚಿದ್ದರು.

"ಹೇಳಿ ಬಂದ್ರೇನು?" ರೋಶನಬಿ ಕೇಳಿದರು.

"ಇಲ್ಲ. ತಪ್ಪು ನಂದಲ್ಲ. ಕಣ್ಣೂ ಇನ್ನಾ ಅದಾವು."

"ಮತ್ತ ಮಾರಿ ಯಾಕ ಸಣ್ಣ ಮಾಡೀರಿ?"

ಅವರು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

"ನಾಳಿಗೂ ಅಂಗಡಿ ತಗೀಬೇಕಲ್ಲ."