ಮಿಕ್ಕ ಒಂದು ಎಳೆ

ಮೊನ್ನೆ ಬೀರು ಖಾಲಿ ಮಾಡುವಾಗ ಬೆಂಕಿಪೊಟ್ಟಣದ ರಟ್ಟಿಗೆ ಸುತ್ತಿದ ಕೆಂಪು ರೇಷ್ಮೆ ಎಳೆಯೊಂದು ಸಿಕ್ಕಿತು. ಮೂಗಿಗೆ ಹಿಡಿದೆ. ಇದ್ದದ್ದು ನುಸಿಗುಳಿಗೆಯ ವಾಸನೆ. ಆದರೂ ಒಲೆಬೂದಿಯ ವಾಸನೆ ಬಂದ ಹಾಗಾಯಿತು... ಪಕ್ಕದ ಮನೆ ಅಜ್ಜಮ್ಮನ ಬೆರಳಿನದು.

ಎಪ್ಪತ್ತರ ದಶಕದ ಮೊದಲಲ್ಲಿ ತ್ಯಾಮಗೊಂಡ್ಲಿನಿಂದ ದೊಡ್ಡಬಳ್ಳಾಪುರಕ್ಕೆ ಸೊಸೆಯಾಗಿ ಬಂದವಳು ನಾನು. ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕಕ್ಕೆ ಒಳ್ಳೆಯ ಅಂಕ ಬಂದಿದ್ದ ಜಂಬ ಬೇರೆ. ಅಜ್ಜಮ್ಮನಿಗೆ ಓದು ಬರುತ್ತಿರಲಿಲ್ಲ. ಮಗ್ಗದ ಮೇಲೆ ಉದ್ದಕ್ಕೆ ಎಳೆದು ಕಟ್ಟಿದ ಎಳೆಗಳಿಗೆ ಹಾಸು ಎನ್ನುತ್ತಾರೆ. ಹಳೆಯ ಹಾಸು ಮುಗಿದಾಗ ಅದರ ತುದಿಗೆ ಹೊಸದನ್ನು ಕೂಡಿಸುವುದು ಅವರ ಕೆಲಸ. ಬೆರಳಿಗೆ ಬೂದಿ ಹಚ್ಚಿಕೊಂಡು ಒಂದೊಂದೇ ಎಳೆ ಹೊಸೆಯಬೇಕು, ಒಟ್ಟು ಐದು ಸಾವಿರದ ನಲವತ್ತು. ಹೊತ್ತು ಹೋಗದೆ ನಾನೂ ಕಲಿತು ಪಕ್ಕದಲ್ಲಿ ಕೂರುತ್ತಿದ್ದೆ.

ಒಂದು ದಿನ ಎಲ್ಲ ಕೂಡಿಸಿ ಮುಗಿದಾಗ ಹೊಸ ಹಾಸಿನಲ್ಲಿ ಒಂದು ಎಳೆ ಮಿಕ್ಕಿತು. ಹಳೆಯದರಲ್ಲಿ ಒಂದನ್ನು ನಾನೇ ಬಿಟ್ಟಿದ್ದರೆ ಸೀರೆಯುದ್ದಕ್ಕೂ ಗೆರೆ ಬೀಳುತ್ತದೆ. ಇನ್ನೊಂದು ತಪ್ಪಾದರೆ ಬೇರೆಯವರನ್ನು ಕರೆಯುತ್ತೇನೆಂದು ಮಗ್ಗದ ಯಜಮಾನರು ಆಗಲೇ ಹೇಳಿದ್ದರು. ಅಜ್ಜಮ್ಮನಿಗೆ ಇದ್ದದ್ದು ಅದೊಂದೇ ಕೆಲಸ.

ಕೂಡಿಸಿದ ಎಳೆಗಳನ್ನು ಎರಡು ಸಲ ಎಣಿಸಿದೆ. ಒಮ್ಮೆ ಎರಡು ಕಡಿಮೆ ಬಂತು, ಇನ್ನೊಮ್ಮೆ ಮೂರು ಹೆಚ್ಚು. ಅಳುವೇ ಬಂದುಬಿಟ್ಟಿತು.

"ಅಷ್ಟು ದೊಡ್ಡ ಲೆಕ್ಕ ತಲೇಲಿ ಹೊತ್ಕೊಂಡೋದ್ರೆ ತಪ್ದೆ ಇರ್ತದಾ? ಏಳೇಳು ಹಿಡಿದು ಬಿಟ್ಕೊಂಡು ಹೋಗಮ್ಮ. ಕೊನೇಲಿ ಏನೂ ಮಿಗಬಾರ್ದು, ಅಷ್ಟೇ."

"ಏಳೇ ಯಾಕಜ್ಜಮ್ಮ?"

"ನಮ್ಮತ್ತೆ ಹಂಗೇ ಹೇಳ್ಕೊಟ್ಟಿದ್ದು. ಆಮೇಲೆ ಒಂಬತ್ತೊಂಬತ್ತು."

ಮನಸ್ಸಿನಲ್ಲೇ ಭಾಗಿಸಿ ನೋಡಿ ಬೆರಗಾದೆ. ಒಂದರಿಂದ ಹತ್ತರವರೆಗೆ ಯಾವುದರಿಂದ ಭಾಗಿಸಿದರೂ ಆ ಐದು ಸಾವಿರದ ನಲವತ್ತರಲ್ಲಿ ಶೇಷ ಉಳಿಯುವುದಿಲ್ಲ. ನಾನು ಒಂದು ಎಳೆ ಬಿಟ್ಟಿದ್ದರೆ ಕೊನೆಯ ಹಿಡಿಯಲ್ಲಿ ಆರೇ ಸಿಗಬೇಕು. ಮಧ್ಯಾಹ್ನವೆಲ್ಲ ಹಿಡಿದು ಬಿಟ್ಟೆವು. ಕೊನೆಯ ಹಿಡಿಗೆ ಬಂದಾಗ ಅಜ್ಜಮ್ಮ ಹತ್ತಿರ ಬಗ್ಗಿ ನೋಡಿದರು. ಐದು, ಆರು... ಏಳು. ಒಂಬತ್ತರಲ್ಲೂ ಹಾಗೇ, ಏನೂ ಮಿಗಲಿಲ್ಲ. ಹಾಸು ಮಾಡಿದವರೇ ಒಂದು ಎಳೆ ಹೆಚ್ಚು ಹಾಕಿದ್ದರು.

ಅಜ್ಜಮ್ಮ ಬೂದಿಗೈಯಲ್ಲೇ ಮುಖ ಒರೆಸಿಕೊಂಡರು. ಕೆನ್ನೆಯೆಲ್ಲ ಬೂದಿಯಾದದ್ದು ನೋಡಿ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಮಿಕ್ಕ ಎಳೆಯನ್ನು ರಟ್ಟಿಗೆ ಸುತ್ತಿ ನನಗೆ ಕೊಟ್ಟರು. "ಇಟ್ಕೋ. ನಮ್ಮನ್ನ ಹೆದರಿಸಿದ್ದು ಇದೇಯ."

ಮೊನ್ನೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಆ ಎಳೆಯನ್ನೂ ಸೇರಿಸಿ ಐದು ಸಾವಿರದ ನಲವತ್ತೊಂದನ್ನು ಭಾಗಿಸುತ್ತಾ ಕೂತೆ. ಎರಡರಿಂದ ಹತ್ತರವರೆಗೆ ಯಾವುದರಿಂದ ಭಾಗಿಸಿದರೂ ಒಂದು ಉಳಿಯಿತು. ಬಿಡದೆ ಮುಂದೆ ಹೋದೆ. ಎಪ್ಪತ್ತೊಂದಕ್ಕೆ ಬಂದಾಗ ಪೂರ್ತಿ ಹೋಯಿತು. ಎಪ್ಪತ್ತೊಂದು ಸಾಲು, ಸಾಲಿಗೆ ಎಪ್ಪತ್ತೊಂದು ಎಳೆ.

"ಅಜ್ಜಮ್ಮ, ಅದಕ್ಕೂ ಜಾಗ ಸಿಕ್ತು" ಅಂತ ಗೋಡೆಯಾಚೆಗೆ ಕೂಗಬೇಕೆನಿಸಿತು. ಅವರು ಹೋಗಿ ಎಷ್ಟೋ ವರ್ಷವಾಯಿತು. ಎಳೆಯನ್ನು ಮತ್ತೆ ರಟ್ಟಿಗೆ ಸುತ್ತಿ ಒಳಗಿಟ್ಟೆ.